ಬ್ಯಾಚ್ ಫೈಲ್‌ನಲ್ಲಿ ಪಾಸ್‌ವರ್ಡ್‌ನ % ಮಾಯವಾಗುತ್ತಿದ್ದರೆ

ಮಂಗಳೂರಿನ ಬಂದರಿನ ಒಂದು ಸಗಟು ಅಂಗಡಿಯ ಬಿಲ್ಲಿಂಗ್ ಡೇಟಾವನ್ನು ಪ್ರತಿ ರಾತ್ರಿ ವಿಂಡೋಸ್ ಬ್ಯಾಚ್ ಫೈಲ್‌ನಿಂದ (ಕಮಾಂಡ್‌ಗಳನ್ನು ಸಾಲಾಗಿ ಓಡಿಸುವ ಫೈಲ್) ಮೈಎಸ್‌ಕ್ಯುಎಲ್‌ಡಂಪ್ (ಡೇಟಾಬೇಸ್ ಬ್ಯಾಕಪ್ ತೆಗೆಯುವ ಕಮಾಂಡ್) ಮಾಡಿಸುತ್ತೇನೆ. ಪಾಸ್‌ವರ್ಡ್ ಬದಲಿಸಿದ ಮೇಲೆ ಬ್ಯಾಕಪ್ ಬರೀ 0 ಕೆಬಿ, ಜೊತೆಗೆ 'ಆಕ್ಸೆಸ್ ಡಿನೈಡ್'. ಅದೇ ಕಮಾಂಡ್ ಕೈಯಲ್ಲಿ ಟೈಪ್ ಮಾಡಿದರೆ ಸರಿಯಾಗಿ ಓಡುತ್ತಿತ್ತು.

ಹೊಸ ಪಾಸ್‌ವರ್ಡ್ ನಡುವೆ %7& ಇತ್ತು. % ಹಿಂದೆ ^ ಹಾಕಿದೆ, ಬ್ಯಾಕ್‌ಸ್ಲ್ಯಾಷ್ ಹಾಕಿದೆ, ಸಿಂಗಲ್ ಕೋಟ್ ಹಾಕಿದೆ. ಯಾವುದೂ ಆಗಲಿಲ್ಲ.

ಫೈಲ್‌ನ ಮೇಲಿರುವ, ಕಮಾಂಡ್‌ಗಳು ಪರದೆ ಮೇಲೆ ಕಾಣದಂತೆ ಮಾಡುವ 'ಎಕೋ ಆಫ್' ಸಾಲು ತೆಗೆದು ಓಡಿಸಿದಾಗ ಗೊತ್ತಾಯಿತು, %7 ಕಾಣೆ. ಬ್ಯಾಚ್ ಫೈಲ್ ಅದನ್ನು ಏಳನೇ ಆರ್ಗ್ಯುಮೆಂಟ್ (ಫೈಲ್ ಓಡಿಸುವಾಗ ಜೊತೆಗೆ ಕೊಡುವ ಮಾಹಿತಿ) ಎಂದು ಓದುತ್ತದೆ. ನಾವು ಕೊಟ್ಟಿಲ್ಲ, ಖಾಲಿ ಅಲ್ವಾ!

ಫೈಲ್ ಒಳಗೆ %%7& ಎಂದು ಬರೆಯಿರಿ. ಪೂರ್ತಿ ಪಾಸ್‌ವರ್ಡ್‌ಗೆ ಡಬಲ್ ಕೋಟ್ ಹಾಕಿ, ಇಲ್ಲದಿದ್ದರೆ & ಇರುವಲ್ಲಿ ಕಮಾಂಡ್ ಎರಡು ತುಂಡಾಗುತ್ತದೆ. ಪಾಸ್‌ವರ್ಡ್ ಕೊಡುವ -ಪಿ (ಸಣ್ಣಕ್ಷರದ -p) ಮತ್ತು ಕೋಟ್ ನಡುವೆ ಜಾಗ ಬಿಡಬೇಡಿ. ಕೈಯಲ್ಲಿ ಟೈಪ್ ಮಾಡುವಾಗ ಮಾತ್ರ ಒಂದೇ %.

ಆಮೇಲೆ 'ಎಕೋ ಆಫ್' ವಾಪಸ್ ಹಾಕಿ, ಇಲ್ಲದಿದ್ದರೆ ಪಾಸ್‌ವರ್ಡ್ ಪರದೆ ಮೇಲೆ ಕಾಣುತ್ತದೆ.