‘ಮರ್ಲಿನ್’ ಧಾರಾವಾಹಿಯ ವಿಮರ್ಶೆಗಳನ್ನು ಓದುವ ಬಗೆ

ಬಿಬಿಸಿ ಒನ್ ವಾಹಿನಿಯಲ್ಲಿ 2008ರಿಂದ 2012ರವರೆಗೆ ಐದು ಸರಣಿಗಳಲ್ಲಿ ಪ್ರಸಾರವಾದ ‘ಮರ್ಲಿನ್’ ಕುರಿತ ವಿಮರ್ಶೆಯನ್ನು ಓದುವಾಗ, ಅದು ಯಾವ ಸರಣಿಯನ್ನು ನೋಡಿ ಬರೆದದ್ದು ಎಂಬುದನ್ನು ಮೊದಲು ಗುರುತಿಸಿಕೊಳ್ಳಿ; ಹಗುರ ಹಾಸ್ಯದಿಂದ ಆರಂಭವಾದ ಕಥೆ ಕೊನೆಗೆ ದುರಂತದತ್ತ ವಾಲುತ್ತದೆ. ಬ್ರಿಟನ್ನಿನ ಆರ್ಥರ್ ರಾಜನ ದಂತಕಥೆಯಲ್ಲಿ ವೃದ್ಧ ಮಾಂತ್ರಿಕನಾಗಿರುವ ಮರ್ಲಿನ್‌ನನ್ನು ಇಲ್ಲಿ ರಾಜಕುಮಾರ ಆರ್ಥರನ ಯುವ ಸೇವಕನನ್ನಾಗಿಸಿದ್ದು ಆ ದಂತಕಥೆಗೆ ಬಗೆದ ದ್ರೋಹವೆಂದಷ್ಟೇ ದೂರುವ ಬರಹಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಈ ದಂತಕಥೆಯನ್ನು ಬರೆದ ಹನ್ನೆರಡನೆಯ ಶತಮಾನದ ಲೇಖಕ ಜೆಫ್ರಿ ಆಫ್ ಮನ್ಮತ್‌ನಿಂದ 1485ರಲ್ಲಿ ಅಚ್ಚಾದ ಲೇಖಕ ಮ್ಯಾಲರಿಯ ಕೃತಿಯವರೆಗೆ ಪ್ರತಿಯೊಬ್ಬರೂ ಈ ಕಥೆಯನ್ನು ತಮಗೆ ಬೇಕಾದಂತೆ ತಿದ್ದಿಕೊಂಡವರೇ. ಆ ಬದಲಾವಣೆಯಿಂದ ಪಾತ್ರಗಳಿಗೆ ಏನು ದಕ್ಕಿತು ಎಂದು ಕೇಳುವ ವಿಮರ್ಶೆಯನ್ನು (ಅಂಥವು ವಿರಳವೆಂಬುದು ನನ್ನ ಅಭಿಪ್ರಾಯ) ಹುಡುಕಿ ಓದಿ. ಇದು ಇಡೀ ಕುಟುಂಬಕ್ಕೆಂದು ರೂಪಿಸಿದ ಧಾರಾವಾಹಿ. ಆದ್ದರಿಂದ ವಯಸ್ಕರಿಗಾಗಿ 2011ರಲ್ಲಿ ಬಂದು ಒಂದೇ ಸರಣಿಗೆ ನಿಂತುಹೋದ, ಅದೇ ದಂತಕಥೆಯನ್ನು ಆಧರಿಸಿದ ‘ಕ್ಯಾಮೆಲಾಟ್’ ಧಾರಾವಾಹಿಯೊಂದಿಗೆ ಹೋಲಿಸಿ ನೀಡಿದ ತೀರ್ಪನ್ನು ಎಚ್ಚರದಿಂದ ತೂಗಿ ನೋಡಿ.