ಬೀಟೆ ಮರದ ಗಿಟಾರ್ ಮಾರೋದಿದ್ಯಾ? ಮೊದಲು ನಟ್ ನೋಡಿ

ಮೈಸೂರಿನಲ್ಲಿ ಹಳೇ ಗಿಟಾರ್ ಮಾರಲು ಹೊರಟವರನ್ನು ಯಾರಾದರೂ ಒಬ್ಬರು ಹೆದರಿಸಿಯೇ ಹೆದರಿಸುತ್ತಾರೆ. ‘ಇದು ಬೀಟೆ ಮರದ್ದು ಕಣಪ್ಪ, ಫಾರೆಸ್ಟ್‌ನೋರು ಹಿಡ್ಕೊಂಡು ಹೋಗ್ತಾರೆ.’ ನಮ್ಮದು ಬೀಟೆಯ ಊರು. ಅರಮನೆಯ ಅಂಬಾವಿಲಾಸಕ್ಕೆ ಹೋಗುವ ಬಾಗಿಲು ಬೀಟೆಯದ್ದು, ಅದರ ಮೇಲೆ ದಂತದ ಕುಸುರಿ. ಸಯ್ಯಾಜಿ ರಾವ್ ರಸ್ತೆಯ ಕಾವೇರಿ ಎಂಪೋರಿಯಂಗೆ ಹೋದರೆ ಬೀಟೆಯ ಇನ್ಲೇ ಚಿತ್ರಗಳೇ ಎದುರಾಗುತ್ತವೆ. ಹಾಗಾಗಿ ಮರದ ಬಗ್ಗೆ ಯಾರು ಏನು ಹೇಳಿದರೂ ಇಲ್ಲಿ ನಂಬಿಬಿಡುತ್ತಾರೆ.

ಗಿಟಾರ್‌ನಲ್ಲಿ ಬೀಟೆ, ಅಂದರೆ ರೋಸ್‌ವುಡ್, ಇದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಮನೆಯಲ್ಲಿಟ್ಟುಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಮಂಡ್ಯದ ಹುಡುಗನಿಗೆ ಮಾರಲೂ ಬೇಕಿಲ್ಲ. ಕಾನೂನು ಅಡ್ಡ ಬರುವುದು ಬೇರೆ ಕಡೆ. ಗಿಟಾರ್ ದೇಶದ ಗಡಿ ದಾಟುವಾಗ, ಅದರಲ್ಲಿ ಕಾಡುಪ್ರಾಣಿಯ ದಂತವೋ ಕೊಂಬೋ ಇದ್ದಾಗ, ಇಲ್ಲವೇ ಮರ ಇನ್ನೂ ಗಿಟಾರ್ ಆಗದೆ ಹಲಗೆಯಾಗಿಯೇ ಇದ್ದಾಗ. ಜನ ಮರಕ್ಕೆ ಹೆದರುತ್ತಾರೆ, ದಂತದ ಕಡೆ ತಿರುಗಿಯೂ ನೋಡುವುದಿಲ್ಲ. ನೋಡಬೇಕಾದ್ದು ಅದನ್ನೇ.

ಮೊದಲು, ಅದು ಬೀಟೆಯೋ ಅಲ್ಲವೋ ತಿಳಿದುಕೊಳ್ಳಿ

ಐದಾರು ಸಾವಿರಕ್ಕೆ ಕೊಂಡ ಗಿಟಾರ್ ಆದರೆ ಚಿಂತೆ ಬಿಡಿ. ಅದು ಬಹುಪಾಲು ಪ್ಲೈವುಡ್. ಕತ್ತಿನ ಮೇಲೆ ಬೆರಳಿಡುವ ಪಟ್ಟಿ, ಅಂದರೆ ಕಪ್ಪಗೆ ಹೊಳೆಯುವ ಫ್ರೆಟ್‌ಬೋರ್ಡ್ ಕೂಡ ಬಣ್ಣ ಹಚ್ಚಿದ ಯಾವುದೋ ಬಿಳಿ ಮರ ಇರಬಹುದು. ಬಿಳಿ ಹತ್ತಿ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಫ್ರೆಟ್‌ಗಳ ನಡುವೆ ತಿಕ್ಕಿ. ಬಟ್ಟೆಗೆ ಮಸಿಯಂಥ ಕಡು ಕಪ್ಪು ಹತ್ತಿದರೆ ಅದು ಬಣ್ಣ. ಬೀಟೆಯಾದರೆ ಕಂದು, ನೇರಳೆ ಗೆರೆಗಳು ಉದ್ದಕ್ಕೆ ಹರಿದಿರುತ್ತವೆ, ಸಣ್ಣ ಸಣ್ಣ ರಂಧ್ರಗಳು ಬರಿಗಣ್ಣಿಗೇ ಕಾಣುತ್ತವೆ.

ಬ್ರ್ಯಾಂಡಿನ ಗಿಟಾರ್ ಆದರೆ ಸೌಂಡ್‌ಹೋಲ್ ಒಳಗೆ ಟಾರ್ಚ್ ಬಿಟ್ಟು ಲೇಬಲ್ ಓದಿ. ಮಾಡೆಲ್ ಹೆಸರು, ಸೀರಿಯಲ್ ನಂಬರ್ ಸಿಕ್ಕರೆ ಯಾವ ವರ್ಷದ್ದು, ಯಾವ ಮರದ್ದು ಅನ್ನುವುದು ಕಂಪನಿಯ ಮಾಹಿತಿಯಲ್ಲೇ ಸಿಗುತ್ತದೆ. ಈ ವರ್ಷ ಮುಖ್ಯ. ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಹೆಸರಾಂತ ಡಿ-28 ಗಿಟಾರ್‌ಗೆ ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿತ್ತು. 1969ರಲ್ಲಿ ಅದನ್ನು ಬಿಟ್ಟು ಭಾರತದ ಬೀಟೆಗೆ ಬಂತು. ಅಂದರೆ ಅದಕ್ಕಿಂತ ಹಳೆಯ ಡಿ-28 ನಿಮ್ಮ ಕೈಗೆ ಬಂದಿದ್ದರೆ ಅದರ ಕಥೆಯೇ ಬೇರೆ, ಬೆಲೆಯೂ ಬೇರೆ. ಬ್ರೆಜಿಲ್‌ನ ಮರ 1992ರಿಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಅತಿ ಬಿಗಿಯಾದ ಪಟ್ಟಿ ಅದು. ಕಣ್ಣಳತೆಯಲ್ಲಿ ಇವೆರಡನ್ನೂ ಬೇರೆ ಮಾಡಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ.

ಈಗ ನಟ್ ನೋಡಿ

ತಂತಿಗಳು ಗಿಟಾರ್‌ನ ತಲೆಯ ಕಡೆಗೆ ಹೋಗುವ ಮುಂಚೆ ಒಂದು ಬಿಳಿ ಪಟ್ಟಿಯ ಮೇಲೆ ಕೂರುತ್ತವೆ ಅಲ್ವಾ, ಅದು ನಟ್. ಕೆಳಗೆ ತಂತಿಗಳ ಇನ್ನೊಂದು ತುದಿ ಹಿಡಿದಿರುವ ಮರದ ತುಂಡು ಬ್ರಿಡ್ಜ್, ಅದರ ಮೇಲೆ ಕೂತಿರುವ ಬಿಳಿ ಪಟ್ಟಿ ಸ್ಯಾಡಲ್. ಈಗಿನ ಗಿಟಾರ್‌ಗಳಲ್ಲಿ ಇವು ಪ್ಲಾಸ್ಟಿಕ್ ಅಥವಾ ದನದ ಮೂಳೆ. ಹಳೆಯ, ದುಬಾರಿ ಗಿಟಾರ್‌ಗಳಲ್ಲಿ ಮಾತ್ರ ಆನೆ ದಂತ ಇರುವ ಸಾಧ್ಯತೆ ಇದೆ.

ತಂತಿ ಸಡಿಲಿಸಿ ಸ್ಯಾಡಲ್ ಹೊರಗೆ ತೆಗೆಯಿರಿ. ಬಹಳಷ್ಟು ಗಿಟಾರ್‌ಗಳಲ್ಲಿ ಅದು ಕೈಗೇ ಬರುತ್ತದೆ. ಬೆಳಗಿನ ಬಿಸಿಲಿಗೆ ಹಿಡಿದು, ಆಭರಣದಂಗಡಿಯವರು ಬಳಸುವಂಥ ಭೂತಗನ್ನಡಿಯಲ್ಲಿ ನೋಡಿ. ಮೂಳೆಯಾದರೆ ಕಪ್ಪು ಚುಕ್ಕೆ, ಸಣ್ಣ ಕಡ್ಡಿಯಂಥ ಗೆರೆ ಕಾಣುತ್ತವೆ. ಅವು ರಕ್ತನಾಳ ಓಡಾಡಿದ ಕೊಳವೆಗಳು. ಪ್ಲಾಸ್ಟಿಕ್ ಆದರೆ ಎಲ್ಲ ಕಡೆ ಒಂದೇ ಬಣ್ಣ, ಕೆಲವೊಮ್ಮೆ ಅಚ್ಚಿನ ಗೆರೆ. ದಂತದಲ್ಲಿ ಆ ಚುಕ್ಕೆಗಳಿರುವುದಿಲ್ಲ. ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೆರೆಗಳಿರುತ್ತವೆ. ಸ್ಯಾಡಲ್‌ನಷ್ಟು ಚಿಕ್ಕ ತುಂಡಿನಲ್ಲಿ ಅದು ಸಿಗುವುದು ಕಷ್ಟ. ಕಾದ ಸೂಜಿ ಚುಚ್ಚಿ ವಾಸನೆ ನೋಡಿ ಅನ್ನುವವರೂ ಇದ್ದಾರೆ. ಬೇಡ. ವಸ್ತು ಹಾಳಾಗುತ್ತದೆ, ಗೊತ್ತಾಗುವುದೂ ಅಷ್ಟರಲ್ಲೇ ಇದೆ. ಅನುಮಾನ ಉಳಿದರೆ ಅಶೋಕಪುರಂನ ಅರಣ್ಯ ಭವನಕ್ಕೆ ಹೋಗಿ ವಿಚಾರಿಸಿ.

ಈ ಪರೀಕ್ಷೆಗೆ ಇಷ್ಟು ಜಾಗ ಕೊಡಲು ಕಾರಣವಿದೆ. ಮೈಸೂರಲ್ಲಿ ದಂತದ ಗಿಟಾರ್ ಅಪರೂಪ, ಆದರೆ ದಂತದ ಕೆತ್ತನೆಯ ವೀಣೆ ಅಷ್ಟು ಅಪರೂಪವಲ್ಲ. ತಾತನ ಕಾಲದ ವೀಣೆ, ತಂಬೂರಿ ಅಟ್ಟದ ಮೇಲಿರುವ ಮನೆಗಳು ಈಗಲೂ ಇವೆ. ಅವುಗಳ ಅಂಚಿಗೆ ಬಿಳಿ ಪಟ್ಟಿ, ಹೂ ಬಳ್ಳಿ ಕೂರಿಸಿರುತ್ತಾರೆ. ಕೆಲವದರ ಬ್ರಿಡ್ಜ್ ಕಡವೆಯ ಕೊಂಬು. ಗಿಟಾರ್‌ಗೆ ಅನ್ವಯಿಸುವ ನಿಯಮವೇ ಇವಕ್ಕೂ.

ಆ ನಿಯಮ ಹೀಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಿದ್ದುಪಡಿಯಾಗಿ ನಮ್ಮ ಆನೆ ದಂತದ ವ್ಯಾಪಾರ ನಿಂತಿತು. ಆಫ್ರಿಕಾದ ದಂತಕ್ಕೆ 1991ರಲ್ಲಿ ಬಾಗಿಲು ಮುಚ್ಚಿತು. ಮನೆಯಲ್ಲಿ ಮೊದಲೇ ಇದ್ದ ವಸ್ತುವಿಗೆ ಮುಖ್ಯ ವನ್ಯಜೀವಿ ಪರಿಪಾಲಕರಿಂದ ಮಾಲೀಕತ್ವದ ಪ್ರಮಾಣಪತ್ರ ಇರಬೇಕು. 2003ರಲ್ಲಿ ಘೋಷಣೆ ಮಾಡಿಕೊಳ್ಳಲು 180 ದಿನ ಅವಕಾಶವನ್ನೂ ಕೊಟ್ಟಿದ್ದರು. ಆಗ ಮಾಡಿಸಿಕೊಂಡವರು ಪುಣ್ಯವಂತರು.

ಪ್ರಮಾಣಪತ್ರ ಇದ್ದರೂ ಮಾರುವಂತಿಲ್ಲ. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ದುಡ್ಡು ತಗೊಂಡಿಲ್ಲ, ಸುಮ್ನೆ ಸ್ನೇಹಿತನಿಗೆ ಕೊಟ್ಟೆ ಅನ್ನುವುದೂ ನಡೆಯುವುದಿಲ್ಲ, ಏಕೆಂದರೆ ಪಡೆಯುವವರಿಗೆ ದಾರಿ ಇರುವುದು ಒಂದೇ, ಉತ್ತರಾಧಿಕಾರ. ತಂದೆಯಿಂದ ಬಂದರೆ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ವೈಕುಂಠ ಸಮಾರಾಧನೆ, ಆಸ್ತಿ ಖಾತೆ ಅಂತ ಓಡಾಡುವಾಗ ವೀಣೆಯ ನೆನಪು ಯಾರಿಗೂ ಬರುವುದಿಲ್ಲ, ಅದು ಬೇರೆ ಮಾತು. ಇಟ್ಟುಕೊಳ್ಳಲು ಇಷ್ಟವಿಲ್ಲದವರು, ಪ್ರಮಾಣಪತ್ರ ಇದ್ದಲ್ಲಿ, ಏಳು ಕೆಲಸದ ದಿನಗಳ ನೋಟಿಸ್ ಕೊಟ್ಟು ಇಲಾಖೆಗೆ ಒಪ್ಪಿಸಬಹುದು. 2022ರ ತಿದ್ದುಪಡಿಯಲ್ಲಿ ಈ ದಾರಿ ಬಂತು. ಪರಿಹಾರ ಅಂತ ಏನೂ ಸಿಗುವುದಿಲ್ಲ.

ಸಿಕ್ಕಿಬಿದ್ದರೆ ಶಿಕ್ಷೆ ಹಗುರವಲ್ಲ. ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಆನೆಯಂಥ ಪ್ರಾಣಿಗೆ ಸಂಬಂಧಿಸಿದ್ದಾದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಜತೆಗೆ ನಿಮ್ಮ ಹತ್ತಿರ ಇದ್ದದ್ದು ಕಾನೂನುಬದ್ಧ ಅಂತ ನೀವೇ ತೋರಿಸಬೇಕು. ತಪ್ಪು ಸಾಬೀತು ಮಾಡುವ ಹೊರೆ ಸರ್ಕಾರದ್ದು ಅಂತ ಕೂರುವ ಹಾಗಿಲ್ಲ.

ತಂತಿ ಮೀಟುವ ಹಳೇ ಪಿಕ್‌ಗಳ ಡಬ್ಬಿ ಇದ್ದರೆ ಅದನ್ನೂ ಒಮ್ಮೆ ತೆರೆದು ನೋಡಿ. ಹಿಂದೆ ಕಡಲಾಮೆಯ ಚಿಪ್ಪಿನಿಂದ ಪಿಕ್ ಮಾಡುತ್ತಿದ್ದರು. ಆ ಬಣ್ಣದ ಪ್ಲಾಸ್ಟಿಕ್ ಪಿಕ್ ಎಷ್ಟು ಬೇಕಾದರೂ ಇಟ್ಟುಕೊಳ್ಳಿ, ನಿಜವಾದ ಚಿಪ್ಪು ಬೇಡ.

ಊರೊಳಗೆ ಮಾರುವಾಗ

ದಂತ, ಕೊಂಬು, ಚಿಪ್ಪು ಇಲ್ಲ ಅಂತ ಖಾತ್ರಿಯಾಯಿತೇ? ಉಳಿದದ್ದು ಸುಲಭ. ಕೊಂಡಾಗಿನ ಬಿಲ್ ಇದ್ದರೆ ಅದರ ಪ್ರತಿ ಕೊಡಿ. ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ರಸೀದಿ ಬರೆಯಿರಿ: ಮಾಡೆಲ್, ಸೀರಿಯಲ್ ನಂಬರ್, ಮರ, ನಟ್ ಯಾವುದರದ್ದು, ತಾರೀಖು, ಇಬ್ಬರ ಸಹಿ. ಕೊಳ್ಳುವವನು ಮುಂದೆ ಓದಲು ಜರ್ಮನಿಗೋ ಕೆನಡಾಗೋ ಹೊರಟಾಗ ಆ ಹಾಳೆ ಬೇಕಾಗುತ್ತದೆ.

ಜಾಹೀರಾತಿನಲ್ಲಿ ‘ಬ್ರೆಜಿಲಿಯನ್ ರೋಸ್‌ವುಡ್’, ‘ಐವರಿ ನಟ್’ ಅಂತ ಬೆಲೆ ಏರಿಸಲು ಬರೆಯುವ ಚಟ ಕೆಲವರಿಗಿದೆ. ಪ್ಲಾಸ್ಟಿಕ್ ನಟ್ ಇಟ್ಟುಕೊಂಡು ದಂತ ಮಾರುತ್ತೇನೆ ಅಂತ ಬರೆದುಕೊಟ್ಟರೆ ವಿಚಾರಣೆಗೆ ಕರೆದಾಗ ಹೇಳುವುದೇನು?

ಗಡಿ ದಾಟುವಾಗ

ಗೊಂದಲವೆಲ್ಲ ಶುರುವಾದದ್ದು ಇಲ್ಲಿಂದ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದ 1975ರಿಂದ ಜಾರಿಯಲ್ಲಿದೆ. 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಸೇರಿದ ಸಭೆ, ಬೀಟೆ ಸೇರಿದ ಡಾಲ್ಬರ್ಜಿಯಾ ಕುಲವನ್ನೇ ಮೊದಲನೆಯದರಷ್ಟು ಬಿಗಿಯಲ್ಲದ ಎರಡನೇ ಪಟ್ಟಿಗೆ ಹಾಕಿತು. ಪೀಠೋಪಕರಣಕ್ಕಾಗಿ ಜಗತ್ತಿನಲ್ಲೆಲ್ಲ ರೋಸ್‌ವುಡ್ ಕಡಿದು ಸಾಗಿಸುತ್ತಿದ್ದದ್ದು ಅದಕ್ಕೆ ಕಾರಣ. ಒಂದು ಜಾತಿಗೆ ಮಾತ್ರ ನಿರ್ಬಂಧ ಹಾಕಿದರೆ ಅದನ್ನೇ ಇನ್ನೊಂದರ ಹೆಸರಲ್ಲಿ ಸಾಗಿಸುತ್ತಾರೆ, ಹಾಗಾಗಿ ಇಡೀ ಕುಲಕ್ಕೇ ಬಲೆ ಬೀಸಿದರು. ಗಿಟಾರ್‌ಗಳು ಆ ಬಲೆಗೆ ಸಿಕ್ಕವು. 2017ರ ಜನವರಿ 2ರಿಂದ ಬೀಟೆಯ ಗಿಟಾರ್ ಹೊರದೇಶಕ್ಕೆ ಮಾರಬೇಕಾದರೆ ಪತ್ರ ಬೇಕಾಯಿತು. ಫೆಂಡರ್ ಕಂಪನಿ ಮೆಕ್ಸಿಕೋದಲ್ಲಿ ಮಾಡುವ ಹಲವು ಗಿಟಾರ್‌ಗಳಿಗೆ ಪಾವ್ ಫೆರೊ ಎಂಬ ಬೇರೆ ಮರ ಹಾಕತೊಡಗಿದ್ದು ಆಗಲೇ.

ಸಂಗೀತಗಾರರು, ತಯಾರಕರು ಗಲಾಟೆ ಮಾಡಿದರು. 2019ರ ಜಿನೀವಾ ಸಭೆ ನಿಯಮ ಸಡಿಲಿಸಿತು. ಅದೇ ವರ್ಷ ನವೆಂಬರ್ 26ರಿಂದ ಸಿದ್ಧವಾದ ಸಂಗೀತ ವಾದ್ಯ, ಅದರ ಸಿದ್ಧ ಬಿಡಿಭಾಗ, ಪರಿಕರಗಳಿಗೆ ಎರಡನೇ ಪಟ್ಟಿಯ ರೋಸ್‌ವುಡ್ ವಿಷಯದಲ್ಲಿ ವಿನಾಯಿತಿ ಸಿಕ್ಕಿತು. ಈಗಲೂ ನಿಮ್ಮನ್ನು ಹೆದರಿಸುವವರು ಹೇಳುತ್ತಿರುವುದು 2017ರಿಂದ 2019ರವರೆಗೆ ಇದ್ದ ಆ ಹಳೇ ನಿಯಮ.

ಹಾಗಾದರೆ ಮಗಳು ಬೀಟೆಯ ಗಿಟಾರ್ ಹೆಗಲಿಗೆ ಹಾಕಿಕೊಂಡು ವಿಮಾನ ಹತ್ತಬಹುದೇ? ಹತ್ತಬಹುದು, ಸೈಟಿಸ್ ಪತ್ರ ಬೇಕಿಲ್ಲ. ಬಿಲ್ ಮತ್ತು ಮಾಡೆಲ್ ವಿವರ ಬ್ಯಾಗಿನಲ್ಲಿರಲಿ. ‘ರೋಸ್‌ವುಡ್’ ಅಂತ ಬರೀ ಒಂದು ಮಾತು ಬರೆಯದೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ ಅಂತ ಸಸ್ಯಶಾಸ್ತ್ರೀಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಡಿ. ಅಧಿಕಾರಿ ಪಟ್ಟಿಯಲ್ಲಿ ಹುಡುಕುವುದು ಆ ಹೆಸರನ್ನೇ.

ಬ್ರೆಜಿಲ್ ಮರಕ್ಕೆ ಈ ವಿನಾಯಿತಿ ಇಲ್ಲ. ಅಂಥ ಗಿಟಾರ್ ಗಡಿ ದಾಟಬೇಕಾದರೆ ಅದರ ಮರ 1992ಕ್ಕಿಂತ ಮುಂಚಿನದು ಅನ್ನುವ ಪ್ರಮಾಣಪತ್ರ ಬೇಕು. ಪದೇಪದೇ ಹೊರಗೆ ಕಛೇರಿ ಕೊಡುವವರಿಗೆ ಮೂರು ವರ್ಷ ನಡೆಯುವ ಸಂಗೀತ ವಾದ್ಯ ಪ್ರಮಾಣಪತ್ರ ಎಂಬ ಅವಕಾಶ ಒಪ್ಪಂದದಲ್ಲಿದೆ. ಅದನ್ನು ಹಿಡಿದು ಹೋದವರು ವಾದ್ಯವನ್ನು ವಾಪಸ್ ತರಬೇಕು, ಅಲ್ಲಿ ಮಾರುವಂತಿಲ್ಲ. ನಮ್ಮ ದೇಶದಲ್ಲಿ ಇದು ಕೇಂದ್ರ ಪರಿಸರ ಸಚಿವಾಲಯದ ಕೆಳಗೆ ಬರುವ ವಿಷಯ. 2023ರ ಏಪ್ರಿಲ್ 1ರಿಂದ ಸೈಟಿಸ್ ನಿಯಮಗಳು ವನ್ಯಜೀವಿ ಕಾಯ್ದೆಯ ಒಳಗೇ ಸೇರಿವೆ. ಟಿಕೆಟ್ ತೆಗೆದ ಮೇಲೆ ಅರ್ಜಿ ಹಾಕಿದರೆ ಕೆಲಸ ಕೆಟ್ಟ ಹಾಗೇ.

ವಿದೇಶದಲ್ಲಿರುವವರಿಗೆ ಕೊರಿಯರ್‌ನಲ್ಲಿ ಮಾರುವುದು ರಫ್ತು. ಮರದ ಗೊಡವೆ ಇಲ್ಲದಿದ್ದರೂ ಆಮದು–ರಫ್ತು ಕೋಡ್, ಕಸ್ಟಮ್ಸ್ ಕಾಗದ ಇದ್ದೇ ಇರುತ್ತವೆ. ಒಂದು ಗಿಟಾರ್‌ಗೋಸ್ಕರ ಇಷ್ಟು ಮಾಡುವುದಕ್ಕಿಂತ ಬೆಂಗಳೂರಲ್ಲಿ ಗಿರಾಕಿ ಹುಡುಕುವುದು ವಾಸಿ.

ಹಲಗೆ ಕೊಳ್ಳುವವರಿಗೆ

ಗಿಟಾರ್ ರಿಪೇರಿ ಮಾಡುವವರು, ಹೊಸದಾಗಿ ಕಟ್ಟುವವರು ಇದನ್ನು ಗಮನಿಸಿ. ವಿನಾಯಿತಿ ಇರುವುದು ಸಿದ್ಧ ವಾದ್ಯಕ್ಕೆ ಮತ್ತು ಸಿದ್ಧ ಬಿಡಿಭಾಗಕ್ಕೆ. ಕೊಯ್ದು ಒಣಗಲು ಇಟ್ಟ ಬೀಟೆ ಹಲಗೆ ಎರಡೂ ಅಲ್ಲ. ಅದು ಹೊರದೇಶಕ್ಕೆ ಹೋಗಬೇಕಾದರೆ ಪೂರ್ತಿ ನಿಯಮ ಅನ್ವಯಿಸುತ್ತದೆ. ಅರ್ಧ ಮಾಡಿದ ಫ್ರೆಟ್‌ಬೋರ್ಡ್ ಯಾವ ಗುಂಪಿಗೆ ಅನ್ನುವುದು ತಗಾದೆಯ ವಿಷಯ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಂಪನಿಯ ಕಾರ್ಖಾನೆಗಳ ಮೇಲೆ ದಾಳಿ ಮಾಡಿದ್ದು ಭಾರತದಿಂದ ಹೋದ ಬೀಟೆ, ಕರಿಮರದ (ಎಬನಿ) ಫ್ರೆಟ್‌ಬೋರ್ಡ್ ಪಟ್ಟಿಗಳಿಗಾಗಿ. ಅವು ಸಿದ್ಧ ಭಾಗವೋ ಬರೀ ಕೊಯ್ದ ಮರವೋ ಎಂಬುದೇ ಜಗಳ. 2009ರಲ್ಲಿ ಮಡಗಾಸ್ಕರ್‌ನ ಕರಿಮರಕ್ಕಾಗಿಯೂ ದಾಳಿಯಾಗಿತ್ತು. ಕೊನೆಗೆ 2012ರಲ್ಲಿ ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಿ ರಾಜಿ ಮಾಡಿಕೊಂಡಿತು. ನಮ್ಮ ದೇಶದಿಂದ ಹೋದ ಫ್ರೆಟ್‌ಬೋರ್ಡ್ ಪಟ್ಟಿಗಳ ಬಗ್ಗೆ ರಫ್ತು ನಿಯಮವೇ ಸ್ಪಷ್ಟವಿಲ್ಲ ಅಂತ ಆ ರಾಜಿಯಲ್ಲೇ ಒಪ್ಪಿಕೊಂಡರು.

ಊರೊಳಗಿನ ಲೆಕ್ಕ ಬೇರೆ. ಬೀಟೆಯನ್ನು ಅರಣ್ಯ ಇಲಾಖೆಯ ಡಿಪೋ ಹರಾಜಿನಲ್ಲಿ, ಇಲ್ಲವೇ ಬಿಲ್ ಕೊಡುವ ಮರದ ಅಂಗಡಿಯಲ್ಲಿ ಕೊಳ್ಳಿ. ‘ನಮ್ಮ ಮಾವನ ತೋಟದಲ್ಲಿ ಒಂದು ಬೀಟೆ ಮರ ಬಿದ್ದಿದೆ, ಬಂದು ತಗೊಂಡೋಗಿ ಸಾರ್’ ಅಂತ ಯಾರಾದರೂ ಕರೆದರೆ ಖುಷಿಯಲ್ಲಿ ಟೆಂಪೋ ಮಾಡಿಕೊಂಡು ಹೋಗಬೇಡಿ. ಸ್ವಂತ ಜಮೀನಿನ ಮರ ಕಡಿಯಲೂ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು, ಸಾಗಿಸಲು ಇಲಾಖೆಯ ಪಾಸು ಬೇಕು. ಪಹಣಿ ಮಾವನ ಹೆಸರಲ್ಲಿದೆ ಅನ್ನುವುದು ಚೆಕ್‌ಪೋಸ್ಟ್‌ನಲ್ಲಿ ಸಾಲುವುದಿಲ್ಲ. ಪಾಸು ಇಲ್ಲದೆ ಸಿಕ್ಕರೆ ಮರದ ಜತೆ ಟೆಂಪೋವನ್ನೂ ಜಪ್ತಿ ಮಾಡುವ ಅಧಿಕಾರ ಇಲಾಖೆಗಿದೆ.

ಹಳೇ ಮಂಚ, ಬಾಗಿಲ ಚೌಕಟ್ಟು ಒಡೆದು ಅದರ ಬೀಟೆಯಿಂದ ಬ್ರಿಡ್ಜ್ ಮಾಡುವವರಿದ್ದಾರೆ. ಮರ ಚೆನ್ನಾಗಿ ಪಳಗಿರುತ್ತದೆ, ನಾದಕ್ಕೂ ಒಳ್ಳೆಯದು. ಯಾರ ಮನೆಯಿಂದ ತಂದದ್ದು ಅನ್ನುವ ಒಂದು ಚೀಟಿ ಬರೆಸಿಕೊಂಡು, ಒಡೆಯುವ ಮುಂಚೆ ಮಂಚದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.