ಆಫರ್ ಲೆಟರಿನಲ್ಲಿರುವ ರಜೆಯ ಲೆಕ್ಕ: ಜರ್ಮನಿಗೆ ಹೊಸದಾಗಿ ಬರುವವರಿಗೆ

ಮ್ಯೂನಿಕ್‌ಗೆ ಕೆಲಸಕ್ಕೆಂದು ಬರುವ ಕನ್ನಡಿಗರು ಸಂಬಳ, ತೆರಿಗೆ, ಮನೆ ಬಾಡಿಗೆಗಳ ಬಗ್ಗೆ ಹತ್ತು ಕಡೆ ವಿಚಾರಿಸುತ್ತಾರೆ. ರಜೆಯ ವಿಷಯದಲ್ಲಿ ಮಾತ್ರ ಆಫರ್ ಲೆಟರಿನ ಅಂಕಿಯನ್ನು ನೋಡಿ ಸುಮ್ಮನಾಗುತ್ತಾರೆ. ಪರಿಚಯದ ಹುಡುಗನೊಬ್ಬ ದುಬೈಯಿಂದ ಬಂದಿದ್ದ ಪತ್ರವನ್ನೂ ಇಲ್ಲಿಯ ಪತ್ರವನ್ನೂ ನಮ್ಮ ಮನೆಯ ಊಟದ ಮೇಜಿನ ಮೇಲೆ ಹರಡಿ, "ಎರಡರಲ್ಲೂ 30 ದಿನ ಇದೆ ಸಾರ್, ರಜೆ ಸಮವೇ ಆಯಿತಲ್ಲ?" ಎಂದು ಕೇಳಿದ. ಸಮವಾಗಿರಲಿಲ್ಲ. ಯುಎಇ ಕಾನೂನು ಒಂದು ವರ್ಷ ಪೂರೈಸಿದವರಿಗೆ ಕೊಡುವ 30 ದಿನಗಳನ್ನು ಕ್ಯಾಲೆಂಡರ್ ದಿನಗಳಾಗಿ ಎಣಿಸುವುದರಿಂದ ವಾರಾಂತ್ಯಗಳೂ ಅದರೊಳಗೇ ಕರಗಿ, ಕೈಗೆ ಸಿಗುವುದು ನಾಲ್ಕು ವಾರ ಮತ್ತು ಎರಡು ದಿನ. ಇಲ್ಲಿಯ ಪತ್ರದಲ್ಲಿದ್ದ 30 ದಿನಗಳು ಬರೀ ಕೆಲಸದ ದಿನಗಳು, ಅಂದರೆ ಪೂರ್ತಿ ಆರು ವಾರ. ಆದ್ದರಿಂದ ಯಾವ ದೇಶದ ಪತ್ರವಾದರೂ ಸರಿ, ಮೊದಲು ದಿನಗಳನ್ನು ವಾರಗಳಿಗೆ ಇಳಿಸಿ, ಆಮೇಲೆ ಹೋಲಿಸಿ.

ಜರ್ಮನಿಯೊಳಗೂ ಇದೇ ಗೊಂದಲವಿದೆ. 1963ರ ರಜಾ ಕಾನೂನು ವರ್ಷಕ್ಕೆ ಕನಿಷ್ಠ 24 ದಿನ ಎನ್ನುತ್ತದೆ. ಆದರೆ ಅದು 'ವೆರ್ಕ್‌ಟಾಗೆ', ಅಂದರೆ ಶನಿವಾರವನ್ನೂ ಸೇರಿಸಿದ ವಾರಕ್ಕೆ ಆರು ದಿನಗಳ ಲೆಕ್ಕ. ವಾರಕ್ಕೆ ಐದು ದಿನ ದುಡಿಯುವವರಿಗೆ ಅದು 20 ದಿನಗಳಿಗೆ ಇಳಿಯುತ್ತದೆ. ಕರಾರಿನಲ್ಲಿ 'ಆರ್ಬೈಟ್ಸ್‌ಟಾಗೆ' ಎಂದಿದ್ದರೆ ಅವು ನೀವು ನಿಜವಾಗಿ ಕೆಲಸ ಮಾಡುವ ದಿನಗಳು. 28ರಿಂದ 30 ಕೊಡುವ ಕಂಪನಿಗಳು ಇಲ್ಲಿ ಸಾಕಷ್ಟಿರುವುದರಿಂದ, ಬರೀ 20 ದಿನ ಬರೆದ ಪತ್ರ ಬಂದರೆ ಸಂಬಳದ ಜೊತೆಗೆ ರಜೆಯನ್ನೂ ಚೌಕಾಸಿ ಮಾಡಲು ಸಂಕೋಚಪಡಬೇಡಿ. ಇಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಕೆಲಸಕ್ಕೆ ಸೇರಿದ ಆರು ತಿಂಗಳವರೆಗೆ ಪೂರ್ಣ ರಜೆಯ ಹಕ್ಕು ಹುಟ್ಟುವುದಿಲ್ಲ. ಅಲ್ಲಿಯವರೆಗೆ ತಿಂಗಳಿಗೆ ಹನ್ನೆರಡರಲ್ಲೊಂದು ಭಾಗದಂತೆ ಕೂಡುತ್ತದೆ. ಸೆಪ್ಟೆಂಬರಿನಲ್ಲಿ ಸೇರಿ ಡಿಸೆಂಬರಿನಲ್ಲಿ ಊರಿಗೆ ಒಂದು ತಿಂಗಳ ಟಿಕೆಟ್ ಮಾಡಿಸುವವರು ಮೊದಲೇ ಮ್ಯಾನೇಜರ್ ಬಳಿ ಮಾತಾಡಿ, ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆದಿಟ್ಟುಕೊಳ್ಳಬೇಕು.

ಕಾಯಿಲೆಯ ವಿಷಯದಲ್ಲಿ ಜರ್ಮನಿ ಉದಾರಿ. ರಜೆಯ ನಡುವೆ ಜ್ವರ ಬಂದು, ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ ಎಂದು ವೈದ್ಯರ ಪ್ರಮಾಣಪತ್ರ ತೋರಿಸಿದರೆ ಆ ದಿನಗಳನ್ನು ರಜೆಯಿಂದ ಕಳೆಯುವಂತಿಲ್ಲ. ಇದು ಗೊತ್ತಿಲ್ಲದೆ ನಾನು ಮೊದಲ ವರ್ಷ ಶಿರಸಿಯ ಮನೆಯಲ್ಲಿ ನಾಲ್ಕು ದಿನ ಜ್ವರದಿಂದ ಮಲಗಿ, ಅಮ್ಮನ ಮೆಣಸಿನ ಕಷಾಯದಲ್ಲೇ ಗುಣವಾಗಿ, ಚೀಟಿಯಿಲ್ಲದೆ ಮರಳಿದೆ. ಆ ನಾಲ್ಕು ದಿನಗಳು ಹೋದವು. ಕಷಾಯ ಕುಡಿಯಿರಿ, ಆದರೆ ಡಾಕ್ಟರ ಬಳಿಗೂ ಹೋಗಿ, ಕಚೇರಿಗೂ ಅಂದೇ ತಿಳಿಸಿ.

ನಮ್ಮವರಿಗೆ ಕಷ್ಟವಾಗುವುದು ಕೂಡಿಡುವ ಚಾಳಿಯನ್ನು ಬಿಡುವುದು. ಬೆಂಗಳೂರಿನಲ್ಲಿ ಗಳಿಕೆ ರಜೆಯನ್ನು ವರ್ಷದಿಂದ ವರ್ಷಕ್ಕೆ ಸಾಗಿಸಿ, ಕೊನೆಗೆ ಹಣ ಮಾಡಿಕೊಳ್ಳುವುದನ್ನು ನೋಡಿ ಬೆಳೆದಿದ್ದೇವೆ. ಇಲ್ಲಿ ಕಾನೂನಿನ ಕನಿಷ್ಠ ರಜೆಯನ್ನು ಕೆಲಸದಲ್ಲಿರುವಾಗ ಹಣಕ್ಕೆ ಬದಲಾಯಿಸಲು ಬರುವುದಿಲ್ಲ, ಕೆಲಸ ಬಿಡುವಾಗ ಉಳಿದದ್ದಕ್ಕೆ ಮಾತ್ರ ಹಣ. ವರ್ಷ ದಾಟಿ ಮುಂದೆ ಹೋದ ರಜೆಗೂ ಸಾಮಾನ್ಯವಾಗಿ ಮಾರ್ಚ್ 31 ಕೊನೆಯ ಗಡುವು.

ಬ್ರಿಟನ್ನಿನ ಕಾನೂನು ಕೊಡುವ ಕನಿಷ್ಠ 28 ದಿನ ಜರ್ಮನಿಯ 20ಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆದರೆ ಇಂಗ್ಲೆಂಡಿನ 8 ಬ್ಯಾಂಕ್ ರಜೆಗಳನ್ನು (ಅಲ್ಲಿಯ ಸಾರ್ವಜನಿಕ ರಜೆಗಳು) ಅದರೊಳಗೇ ಎಣಿಸಲು ಮಾಲೀಕರಿಗೆ ಅವಕಾಶವಿದೆ. ಜರ್ಮನಿಯಲ್ಲಿ ಸಾರ್ವಜನಿಕ ರಜೆಗಳು ಪ್ರತ್ಯೇಕ, ಮ್ಯೂನಿಕ್‌ನಲ್ಲಿ 13, ಬರ್ಲಿನ್ನಿನಲ್ಲಿ 10. ಆದರೆ ಅವು ಭಾನುವಾರ ಬಿದ್ದರೆ ಹೋದಂತೆಯೇ. ಇಂಗ್ಲೆಂಡಿನವರಂತೆ ಬದಲಿ ಸೋಮವಾರ ಸಿಗುವುದಿಲ್ಲ.

ಅಮೆರಿಕದ ಪತ್ರವನ್ನು ಇನ್ನೂ ಎಚ್ಚರದಿಂದ ಓದಬೇಕು. ಖಾಸಗಿ ಕಂಪನಿಗಳು ಸಂಬಳಸಹಿತ ರಜೆ ಕೊಡಲೇಬೇಕೆನ್ನುವ ಕಾನೂನು ಅಲ್ಲಿ ಫೆಡರಲ್ ಮಟ್ಟದಲ್ಲಿಲ್ಲ. 11 ಫೆಡರಲ್ ರಜೆಗಳೂ ಅವರಿಗೆ ಕಡ್ಡಾಯವಲ್ಲ. ಕಾಯಿಲೆ ಮತ್ತು ರಜೆ ಎರಡನ್ನೂ ಪಿಟಿಒ ಎಂಬ ಒಂದೇ ಡಬ್ಬಿಗೆ ಹಾಕುವ ಕಂಪನಿಯಲ್ಲಿ 15 ದಿನ ಎಂದಿದ್ದರೆ, ಫ್ಲೂ ತಿಂದು ಉಳಿದದ್ದೇ ನಿಮ್ಮ ಊರಿನ ಪ್ರವಾಸ. ಜರ್ಮನಿಯಲ್ಲಾದರೋ ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದ ಮೇಲೆ ಕಾಯಿಲೆ ಬಿದ್ದವರಿಗೆ ಮಾಲೀಕರೇ ಆರು ವಾರಗಳವರೆಗೆ ಪೂರ್ಣ ಸಂಬಳ ಕೊಡಬೇಕು, ಅದು ರಜೆಯನ್ನು ಮುಟ್ಟುವುದಿಲ್ಲ. ಅಮೆರಿಕದ ಪತ್ರಗಳಲ್ಲಿನ 'ಅನ್‌ಲಿಮಿಟೆಡ್ ರಜೆ' ಎಂಬ ಮಾತಿಗೆ ನಾನಂತೂ ಮರುಳಾಗಲಾರೆ: ಲೆಕ್ಕವೇ ಇಲ್ಲದ ರಜೆಗೆ ಬಾಕಿಯೂ ಇಲ್ಲ, ಕೆಲಸ ಬಿಡುವಾಗ ಸಾಮಾನ್ಯವಾಗಿ ಹಣವೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೂಡಿದ ರಜೆ ಸಂಬಳವೆಂದೇ ಪರಿಗಣಿತವಾಗುವುದರಿಂದ, ಅಲ್ಲಿ ಎಣಿಸಿ ಕೊಟ್ಟ ರಜೆಗೆ ನಿಜವಾದ ಬೆಲೆಯಿದೆ.

ಮ್ಯೂನಿಕ್‌ಗೇ ಬರುವುದು ನಿಶ್ಚಯವಾದರೆ, ಜನವರಿಯಲ್ಲಿ ತಂಡದ ರಜಾ ಪಟ್ಟಿ ತೆರೆದ ದಿನವೇ ನಿಮ್ಮ ಹೆಸರು ಬರೆದಿಡಿ. ಗುರುವಾರದ ಹಬ್ಬಕ್ಕೂ ವಾರಾಂತ್ಯಕ್ಕೂ ನಡುವಿನ ಶುಕ್ರವಾರವನ್ನು ಇಲ್ಲಿಯವರು 'ಸೇತುವೆ ದಿನ' ಎನ್ನುತ್ತಾರೆ. ಒಂದು ರಜೆಗೆ ನಾಲ್ಕು ದಿನ ಸಿಗುವುದರಿಂದ ಅದು ಬೇಗ ಖಾಲಿಯಾಗುತ್ತದೆ. ದೀಪಾವಳಿಗೆ ಇಲ್ಲಿ ಸಾರ್ವಜನಿಕ ರಜೆಯಿಲ್ಲ, ಸ್ವಂತ ರಜೆಯನ್ನೇ ಹಾಕಬೇಕು. ಹಬ್ಬ ಕೆಲವು ವರ್ಷ ನವೆಂಬರ್ ಆರಂಭದ ಶಾಲಾ ರಜೆಯ ವಾರದಲ್ಲೇ ಬೀಳುತ್ತದೆ, ಆಗ ಶಾಲೆಗೆ ಹೋಗುವ ಮಕ್ಕಳಿರುವ ಸಹೋದ್ಯೋಗಿಗಳು ನಿಮಗಿಂತ ಮೊದಲೇ ಆ ವಾರವನ್ನು ಬರೆಸಿರುತ್ತಾರೆ.